ಸೀಜ್ ಆದ ಪಿಸ್ಟನ್ ಮತ್ತು ‘ಘರ್ಷಣೆ’ ಪಾಠ: ಒಂದು ಬೋಧನಾಭ್ಯಾಸದ ಅನುಭವ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ 8ನೇ ತರಗತಿಗೆ ‘ಘರ್ಷಣೆ’ ಪಾಠ ಮಾಡಿದೆ. ಬೋಧನೋಪಕರಣವಾಗಿ ಒಯ್ದದ್ದು ನಾನೇ ಕೆಡಿಸಿದ ಒಂದು ಪಿಸ್ಟನ್. ಆ ಅನುಭವವನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುತ್ತಿದ್ದೇನೆ.

ಹಿನ್ನೆಲೆ

ಕೊರಟಗೆರೆ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪನ ಹಳೆಯ ಯೆಜ್ಡಿ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಟೂ ಸ್ಟ್ರೋಕ್ ಗಾಡಿ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ಮಾತ್ರ ಓಡುತ್ತಲೇ ಇತ್ತು. ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಸೇರುವ ಮುಂಚಿನ ಬೇಸಿಗೆಯಲ್ಲಿ ಅದರ ಇಂಜಿನ್ ಕೆಲಸವನ್ನು ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಚಿಕ್ಕಪ್ಪನ ಫೋರ್ ಸ್ಟ್ರೋಕ್ ಬೈಕ್ ಬಿಚ್ಚಿ ಜೋಡಿಸಿದ್ದ ಧೈರ್ಯ. ಶಿರಾದಲ್ಲಿ ಬ್ಲಾಕ್ ಬೋರ್ ಮಾಡಿಸಿ, ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ತಂದೆ.

ಮೊದಲ ತಪ್ಪು ರಿಂಗ್ ಕೂರಿಸುವಾಗಲೇ ಆಯಿತು. ಫೋರ್ ಸ್ಟ್ರೋಕ್‌ನಲ್ಲಿ ರಿಂಗುಗಳ ಬಾಯಿ ಒಂದೇ ನೇರಕ್ಕೆ ಬರದಂತೆ ತಿರುಗಿಸಿ ಇಡುತ್ತಾರೆ. ಇಲ್ಲೂ ಹಾಗೇ ಮಾಡಿದೆ. ಟೂ ಸ್ಟ್ರೋಕ್ ಪಿಸ್ಟನ್ನಿನ ಪ್ರತಿ ಗಾಡಿಯಲ್ಲೂ ಒಂದು ಸಣ್ಣ ಪಿನ್ ಇರುತ್ತದೆ. ರಿಂಗಿನ ಬಾಯಿ ಅಲ್ಲೇ ಕೂರಬೇಕು. ಇಲ್ಲದಿದ್ದರೆ ರಿಂಗ್ ತಿರುಗಿ, ಅದರ ತುದಿ ಬ್ಲಾಕಿನ ಗೋಡೆಯಲ್ಲಿರುವ ಕಿಂಡಿಗೆ ಸಿಕ್ಕಿಕೊಳ್ಳುತ್ತದೆ. ಪಿನ್ ಗಮನಿಸದೆ ಬ್ಲಾಕ್ ಒತ್ತಿದೆ. ರಿಂಗ್ ಮುರಿಯಿತು.

ಬೇರೆ ರಿಂಗ್ ಹಾಕಿದೆ. ಗಾಡಿ ಸ್ಟಾರ್ಟ್ ಆಯಿತು. ಪಾವಗಡಕ್ಕೆ ಹೊರಟವನು ಮಧುಗಿರಿಯಲ್ಲಿ ಮೂರು ಲೀಟರ್ ಪೆಟ್ರೋಲ್ ಹಾಕಿಸಿದೆ, ಆಯಿಲ್ ಬೆರೆಸಲಿಲ್ಲ. ನಮ್ಮ ಮನೆಯಲ್ಲಿ ಲೀಟರಿಗೆ 40 ಮಿ.ಲೀ. ಬೆರೆಸುವ ರೂಢಿ. ಕೆಳಗೆ ಹೊಸ ಆಯಿಲ್ ತುಂಬಿದ್ದೇನಲ್ಲ, ಸಾಕು ಎಂದುಕೊಂಡೆ. ಆ ಆಯಿಲ್ ಗೇರ್ ಬಾಕ್ಸಿನದು, ಪಿಸ್ಟನ್ನಿಗೆ ತಲುಪುವುದೇ ಇಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯ ಮಿಶ್ರಣದ ಬಲದಿಂದ ಮಿಡಿಗೇಶಿ ದಾಟಿತು. ಆಮೇಲೆ ಇಂಜಿನ್ ಹಿಡಿದುಕೊಂಡು ಹಿಂದಿನ ಚಕ್ರ ಜಾರಿತು. ಕ್ಲಚ್ ಒತ್ತಿದ್ದರಿಂದ ಬೀಳದೆ ಉಳಿದೆ.

ತರಗತಿಯಲ್ಲಿ

ಪಾಠ ಯೋಜನೆಯ ‘ತೊಡಗಿಸಿಕೊಳ್ಳುವಿಕೆ’ ಹಂತದಲ್ಲಿ ಪಿಸ್ಟನ್ ಮೇಜಿನ ಮೇಲಿಟ್ಟೆ. ಅದರ ಬದಿಯಲ್ಲಿ ಮೇಲಿಂದ ಕೆಳಕ್ಕೆ ಆಳವಾದ ಗೀರುಗಳಿವೆ. ಮಕ್ಕಳು ಬೆರಳಿಂದ ಮುಟ್ಟಿ ನೋಡಿದರು. “ಒಬ್ಬ ಮೆಕ್ಯಾನಿಕ್ ಮಾಡಿದ ತಪ್ಪು ಇದು” ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಯಾವ ಗ್ಯಾರೇಜ್ ಸಾರ್? ನಮ್ಮಪ್ಪಂದೂ ಗ್ಯಾರೇಜೇ” ಎಂದ.

ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ಹಿಂದೆ ಕುಳಿತಿದ್ದರು. ಒಂದು ಕ್ಷಣ ಸುಮ್ಮನಿದ್ದು, “ಮೆಕ್ಯಾನಿಕ್ ಅಲ್ಲಪ್ಪ, ನಾನೇ ಮಾಡಿದ್ದು” ಎಂದೆ. ತರಗತಿ ನಕ್ಕಿತು. ಆಯಿಲ್ ಬೆರೆಸದ ಕಥೆಯನ್ನೂ ಹೇಳಿದೆ.

ಆಗ ಒಬ್ಬ ಹುಡುಗಿ ಕೇಳಿದಳು: “ಇಂಜಿನ್ ಒಳಗೆ ಆಯಿಲ್ ಇತ್ತಲ್ಲ ಸಾರ್? ನಮ್ಮ ಗಾಡಿಗೆ ಅಷ್ಟೇ ಹಾಕೋದು.” ‘ತಪ್ಪು, ಕೂತ್ಕೋ’ ಎಂಬ ಮಾತು ಬಾಯಿಗೆ ಬಂದಿತ್ತು. ಆದರೆ ಅದು ನನ್ನದೇ ತಪ್ಪು! ಬದಲಿಗೆ, ಅವರ ಮನೆಯ ಗಾಡಿ ಯಾವುದೆಂದು ಕೇಳಿದೆ. ಫೋರ್ ಸ್ಟ್ರೋಕ್. ಅಲ್ಲಿ ಅವಳ ಮಾತು ಪೂರ್ತಿ ಸರಿ. ಕಪ್ಪು ಹಲಗೆಯ ಮೇಲೆ ಎರಡೂ ಇಂಜಿನ್ನಿನ ಚಿತ್ರ ಬರೆದು, ಆಯಿಲ್ ಹೋಗುವ ದಾರಿಯನ್ನು ಅವಳಿಂದಲೇ ಗುರುತಿಸಿಸಿದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲಿನ ಜೊತೆ ಬಂದರಷ್ಟೇ ಪಿಸ್ಟನ್ನಿಗೆ ಆಯಿಲ್ ಎಂಬುದನ್ನು ಅವಳೇ ಹೇಳಿದಳು.

‘ವಿಸ್ತರಣೆ’ಯಲ್ಲಿ ಒಂದು ಲೆಕ್ಕ ಕೊಟ್ಟೆ. ಕಾರ್ಖಾನೆಯಿಂದ ಬಂದಾಗ ಈ ಇಂಜಿನ್ನಿನ ಬೋರ್ 65 ಮಿ.ಮೀ. ಉಷ್ಣತೆ 100 ಡಿಗ್ರಿ ಏರಿದರೆ ಅಷ್ಟೇ ಅಗಲದ ಅಲ್ಯೂಮಿನಿಯಂ ಪಿಸ್ಟನ್ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ, ಬೀಡು ಕಬ್ಬಿಣದ ಬ್ಲಾಕ್ ಸುಮಾರು 0.07 ಮಿ.ಮೀ. ಮಾತ್ರ. ಎಣ್ಣೆಯ ಪದರವಿಲ್ಲದೆ ಘರ್ಷಣೆ ಹೆಚ್ಚಿ, ಘರ್ಷಣೆಯಿಂದ ಶಾಖ ಹೆಚ್ಚಿ, ಶಾಖದಿಂದ ಪಿಸ್ಟನ್ ಹಿಗ್ಗಿ, ಇದ್ದ ಸಂದು ಮುಚ್ಚಿಹೋಯಿತು. ಗಣಿತದ ಸಹಸಂಬಂಧಕ್ಕಾಗಿ 75 ಮಿ.ಮೀ. ಸ್ಟ್ರೋಕ್ ಕೊಟ್ಟು ಸಿಲಿಂಡರಿನ ಘನಫಲ ಕೇಳಿದೆ. ಉತ್ತರ ಸುಮಾರು 249 ಘನ ಸೆಂ.ಮೀ. ಬಂದಾಗ, “ಅದಕ್ಕೇ ಟೂ ಫಿಫ್ಟಿ ಅನ್ನೋದು!” ಎಂದು ಗ್ಯಾರೇಜಿನ ಹುಡುಗ ಕೂಗಿದ.

ಸಮಯ ಮಾತ್ರ ಕೈಮೀರಿತು. ‘ಮೌಲ್ಯಮಾಪನ’ಕ್ಕೆ ಉಳಿದದ್ದು ಮೂರೇ ನಿಮಿಷ. ವೀಕ್ಷಣಾ ಪುಸ್ತಕದಲ್ಲಿ ಆ ಕೊರತೆ ದಾಖಲಾಗಿದೆ.

ಕಲಿತದ್ದು

ಶೈಕ್ಷಣಿಕ ಮನೋವಿಜ್ಞಾನದಲ್ಲಿ ಕಲಿಕೆಯ ಋಣಾತ್ಮಕ ವರ್ಗಾವಣೆಯನ್ನು ಓದಿದ್ದೆವು: ಹಿಂದಿನ ಕಲಿಕೆ ಹೊಸ ಕಲಿಕೆಗೆ ಅಡ್ಡಬರುವುದು. ಪರೀಕ್ಷೆಗೆ ಎರಡು ಉದಾಹರಣೆ ಬಾಯಿಪಾಠ ಮಾಡಿದ್ದೆ. ನನ್ನ ಎರಡೂ ತಪ್ಪುಗಳು ಅದೇ ಎಂದು ಹೊಳೆದದ್ದು ಆ ಹುಡುಗಿ ಪ್ರಶ್ನೆ ಕೇಳಿದಾಗ. ರಿಂಗ್ ತಿರುಗಿಸಿದ್ದಾಗಲಿ, ಆಯಿಲ್ ಸಾಕೆಂದುಕೊಂಡದ್ದಾಗಲಿ ತಿಳಿವಳಿಕೆ ಇಲ್ಲದ್ದರಿಂದ ಆದದ್ದಲ್ಲ. ಒಂದು ಇಂಜಿನ್ನಿಗೆ ಸರಿಯಾದದ್ದನ್ನು ಇನ್ನೊಂದಕ್ಕೆ ಹೊಂದಿಸಿದ್ದು. ಮಕ್ಕಳ ಎಷ್ಟೋ ತಪ್ಪು ಉತ್ತರಗಳೂ ಹೀಗೇ. ಈಗ ತಪ್ಪೆಂದು ಹೇಳುವ ಮೊದಲು ‘ಇದು ಎಲ್ಲಿ ಸರಿಯಾಗುತ್ತದೆ?’ ಎಂದು ಕೇಳಿಕೊಳ್ಳುತ್ತೇನೆ. ಪಾಠ ಯೋಜನೆಯಲ್ಲಿ ನಿರೀಕ್ಷಿತ ಉತ್ತರದ ಪಕ್ಕದಲ್ಲೇ ನಿರೀಕ್ಷಿತ ತಪ್ಪು ಉತ್ತರಕ್ಕೂ ಒಂದು ಅಂಕಣ ಹಾಕಿಕೊಂಡಿದ್ದೇನೆ.

ಬ್ಲಾಕನ್ನು ಎರಡನೆಯ ಸಲ ಬೋರ್ ಮಾಡಿಸಿದ್ದಾಯಿತು. ಇನ್ನು ಹೆಚ್ಚು ಸಲ ಮಾಡಿಸುವಂತಿಲ್ಲ, ಅಷ್ಟು ಲೋಹ ಉಳಿದಿಲ್ಲ. ಅಪ್ಪ ಬೈಯಲಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ‘ಆಯಿಲ್’ ಎಂದು ಬರೆದಿಟ್ಟಿದ್ದಾರೆ.