ಶ್ರಾವಣದ ಚುಕ್ಕಿಗಳು

ನಮ್ಮ ಮನೆಯಲ್ಲಿ ನನ್ನ ತಲೆನೋವಿಗೆ ಮೂರು ಹೆಸರು. ಅತ್ತೆಯವರ ಬಾಯಲ್ಲಿ ಅದು ಮರಾಠಿಯ ‘ಅರ್ಧಶಿಶಿ’. ಭಾಲ್ಕಿ ಕಡೆಯ ನನ್ನ ತವರಿನಲ್ಲಿ ‘ಅರೆತಲಿನೋವು’. ಮಕ್ಕಳು ಶಾಲೆಯಿಂದ ತಂದದ್ದು ‘ಮೈಗ್ರೇನ್’. ನಮ್ಮ ವಲಾಂಡಿಯಂಥ ಗಡಿಯೂರಲ್ಲಿ ಬದುಕೇ ಹಾಗೆ: ಬಜಾರದಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ, ಬೈಗುಳಕ್ಕೆ ಎರಡೂ. ಹೆಸರಿನಲ್ಲಿ ಒಮ್ಮತ ಇರದಿದ್ದರೂ ಕಾರಣದ ವಿಷಯದಲ್ಲಿ ಯಾರಿಗೂ ತಕರಾರಿರಲಿಲ್ಲ. ಬಿಸಿಲು. ನನಗೂ ಇರಲಿಲ್ಲ.

‘ಸೂರ್ಯಾ ಏರಿದಂಗ ಏರ್ತದ, ಇಳಿದಂಗ ಇಳೀತದ ನೋಡವ್ವಾ’ ಎನ್ನುತ್ತಿದ್ದರು ಅತ್ತೆ. ಅದು ಅವರ ಕಲ್ಪನೆಯಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರ ಹೇಳುವ ಹನ್ನೊಂದು ಶಿರೋರೋಗಗಳಲ್ಲಿ ‘ಸೂರ್ಯಾವರ್ತ’ ಒಂದು. ಹೊತ್ತೇರಿದಂತೆ ಏರಿ, ಹೊತ್ತಿಳಿದಂತೆ ಇಳಿಯುವ ನೋವು. ಆದರೆ ಅದೇ ಪಟ್ಟಿಯಲ್ಲಿ ‘ಅರ್ಧಾವಭೇದಕ’, ಅಂದರೆ ಅರ್ಧ ತಲೆಯನ್ನು ಒಡೆಯುವ ನೋವು, ಬೇರೆಯಾಗಿಯೇ ಇದೆ. ಹಳಬರು ಬೇರೆ ಇಟ್ಟದ್ದನ್ನು ನಾವು ಒಂದೇ ಗಂಟಿಗೆ ಕಟ್ಟಿದ್ದೆವು.

ನಾನು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಹಳೆಯ ಮಾಳಿಗೆ ಮನೆಯಲ್ಲಿ ಉಳಿದದ್ದು ಒಂದೇ ಕೋಣೆ. ಮೊಳಗಟ್ಟಲೆ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆದಾಗ ಸುಮಾರು ಹತ್ತು ಸಾವಿರ ಜನ ಸತ್ತರಲ್ಲ, ಬಹಳಷ್ಟು ಮಂದಿ ಇಂಥ ಗೋಡೆ-ಮಾಳಿಗೆಗಳ ಅಡಿಯಲ್ಲೇ ಸಿಕ್ಕಿಕೊಂಡರು. ನಮ್ಮದು ಬಿರುಕಿಗೇ ನಿಂತಿತು. ಆದರೂ ಮಾವನವರಿಗೆ ಆ ಮಾಳಿಗೆಯಡಿ ಮತ್ತೆ ನಿದ್ದೆ ಹತ್ತಲಿಲ್ಲವಂತೆ. ಉಳಿದ ಭಾಗ ಕೆಡವಿ ತಗಡು ಹಾಕಿಸಿದರು, ಗೋಡೆಗೆ ಸುಣ್ಣ ಬಳಿಸಿದರು. ಪ್ರಾಣ ಉಳಿಸುವ ಮನೆ, ಸರಿ. ಆದರೆ ಏಪ್ರಿಲ್ ಮಧ್ಯಾಹ್ನ ಆ ತಗಡಿನಿಂದ ಬರುವ ಬೆಳಕನ್ನು ನೋಡಬೇಕು! ಮೇ ಎರಡನೇ ವಾರದ ಸುಮಾರಿಗೆ ನಮ್ಮ ಕಡೆ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ನಡುಹಗಲು ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ.

ನೋವು ಬಂದ ದಿನ ಎಲ್ಲವೂ ಹೊಳೆಯುತ್ತಿತ್ತು. ಸ್ಟೀಲಿನ ಕೊಡ, ಅಂಗಳದ ಫರಸಿ, ಮೊಬೈಲಿನ ಗಾಜು. ನಮ್ಮ ಕಡೆಯ ದೇವಣಿ ತಳಿಯಲ್ಲಿ ಅಚ್ಚ ಬಿಳಿಯ ‘ಬಾಳಂಕ್ಯಾ’ ಎಂಬ ಬಗೆಯಿದೆ. ಗೋದಲಿಯ ಹತ್ತಿರ ನಿಂತ ಆ ಆಕಳ ಬೆನ್ನನ್ನೂ ನೋಡಲಾಗದೆ ಮುಖ ತಿರುಗಿಸಿದ್ದೇನೆ. ಎಲ್ಲಕ್ಕಿಂತ ಕೆಟ್ಟದ್ದು ಉದಗೀರಕ್ಕೆ ಹೋಗುವ ಲಾಲಪರಿ ಬಸ್ಸಿನ ಕಿಟಕಿ. ಸಾಲುಮರಗಳ ನಡುವಿನಿಂದ ಬಿಸಿಲು ನೆರಳು ಬಿಸಿಲು ನೆರಳು ಎಂದು ಮುಖಕ್ಕೆ ಬಡಿಯುವಾಗ ಎಡಗಣ್ಣಿನ ಹಿಂದೆ ಯಾರೋ ಕುಟ್ಟಲು ಶುರುಮಾಡುತ್ತಿದ್ದರು. ಆಮೇಲೆ ವಾಂತಿ, ಆಮೇಲೆ ಕತ್ತಲ ಕೋಣೆ.

ಆ ಕೋಣೆಯೇ ನನ್ನ ಮೊದಲ ತಪ್ಪಾಯಿತು. ನೋವಿದ್ದಾಗ ಕತ್ತಲು ಬೇಕು, ಅದರಲ್ಲಿ ತಪ್ಪಿಲ್ಲ. ನಾನು ನೋವಿಲ್ಲದಾಗಲೂ ಅಲ್ಲೇ ಉಳಿದೆ. ಬೆಳಕಿಂಡಿಗೆ ಗೋಣಿಚೀಲ ತುರುಕಿಸಿದೆ. ಮನೆಯೊಳಗೂ ಕಪ್ಪು ಗಾಗಲ್ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಓಣಿಯ ಹೆಂಗಸರು ‘ಹೀರೋಯಿನ್ ಬಂದಳು’ ಎಂದು ನಕ್ಕರು. ನಗಲಿ ಬಿಡಿ, ಆದರೆ ಆರು ತಿಂಗಳಲ್ಲಿ ದೇವರ ಮುಂದಿನ ದೀಪವೂ ಚುಚ್ಚತೊಡಗಿತು. ಎರಡನೇ ತಪ್ಪು ಅಂಗಡಿಯ ಗುಳಿಗೆ. ವಾರಕ್ಕೊಂದು ಇದ್ದದ್ದು ದಿನಕ್ಕೆರಡಾಯಿತು.

ಕೊನೆಗೆ ಉದಗೀರದಲ್ಲಿ ಒಬ್ಬ ವೈದ್ಯೆ ಎರಡೂ ಚಟಗಳನ್ನು ಹಿಡಿದರು. ಕಣ್ಣು ಕತ್ತಲಿಗೆ ಒಗ್ಗಿದರೆ ಸಾಧಾರಣ ಬೆಳಕೂ ಅದಕ್ಕೆ ಬಿಸಿಲಾಗುತ್ತದೆ, ಗಾಗಲ್ ಹೊರಗೆ ಮಾತ್ರ ಎಂದರು. ತಿಂಗಳಲ್ಲಿ ಹದಿನೈದು ಅಥವಾ ಹೆಚ್ಚು ದಿನ ನೋವಿನ ಗುಳಿಗೆ ನುಂಗುತ್ತ ಹೋದರೆ ಗುಳಿಗೆಯೇ ತಲೆನೋವು ಹುಟ್ಟಿಸುತ್ತದೆ ಎಂದರು. ನೋವು ಬರದಂತೆ ತಡೆಯುವ ಬೇರೆ ಔಷಧ ಬರೆದುಕೊಟ್ಟು, ಒಂದು ಕೆಲಸವನ್ನೂ ಹಚ್ಚಿದರು: ನೋವು ಬಂದ ದಿನ ಕ್ಯಾಲೆಂಡರಿನಲ್ಲಿ ಒಂದು ಕರಿ ಚುಕ್ಕಿ, ಹಿಂದಿನ ದಿನ ಏನು ಉಂಡೆ, ಎಷ್ಟು ಮಲಗಿದೆ, ಮುಟ್ಟು ಹತ್ತಿರ ಇತ್ತೋ, ಅದೂ ಬರೆಯಬೇಕು.

ಚುಕ್ಕಿ ಎಲ್ಲ ಮೇ ತಿಂಗಳಲ್ಲೇ ಗುಂಪಾಗುತ್ತವೆ ಎಂದುಕೊಂಡಿದ್ದೆ. ಮೇನಲ್ಲಿ ಆರು ಬಿದ್ದವು. ಶ್ರಾವಣದಲ್ಲಿ ಒಂಬತ್ತು.

ಶ್ರಾವಣದಲ್ಲಿ ನಮ್ಮೂರಿಗೆ ಸೂರ್ಯ ಸರಿಯಾಗಿ ಕಾಣುವುದೇ ಇಲ್ಲ. ದಿನವಿಡೀ ಮೋಡ, ಜಿಟಿಜಿಟಿ, ತೊಗರಿ ಹೊಲದಲ್ಲಿ ಕಾಲಿಟ್ಟರೆ ಮೊಣಕಾಲು ಮಟ ಎರೆಮಣ್ಣು. ಹಾಗಾದರೆ ಆ ಒಂಬತ್ತು ಎಲ್ಲಿಂದ ಬಂದವು? ಹಿಂದಿನ ದಿನದ ಬರಹ ನೋಡಿದಾಗ ಗೊತ್ತಾಯಿತು. ಪ್ರತಿ ಸೋಮವಾರ ನನ್ನ ಉಪವಾಸ, ಸಂಜೆ ಪೂಜೆಯವರೆಗೆ ಒಂದು ಗುಟುಕು ಚಹಾ ಕೂಡ ಇಲ್ಲ. ಚುಕ್ಕಿಗಳು ಬಹುಪಾಲು ಸೋಮವಾರ, ಮಂಗಳವಾರ. ಮೇ ತಿಂಗಳ ಆರರಲ್ಲೂ ನಾಲ್ಕು ಮದುವೆಯ ದಿನಗಳು: ಹಿಂದಿನ ರಾತ್ರಿ ನಿದ್ದೆಯಿಲ್ಲ, ಅಕ್ಷತೆ ಬೀಳುವವರೆಗೆ ಊಟವಿಲ್ಲ, ಕಿವಿಗೆ ಬ್ಯಾಂಡು. ಅದೆಲ್ಲ ಮುಗಿದ ಮೇಲೆ ಬಿಸಿಲು. ಬೈಗುಳ ಬಿದ್ದದ್ದು ಬಿಸಿಲೊಂದಕ್ಕೇ.

ಅತ್ತೆ ಹಿಂದೊಮ್ಮೆ, ಸೂರ್ಯ ಹುಟ್ಟುವ ಮೊದಲು ಹಾಲು-ಜಿಲೇಬಿ ತಿನ್ನಬೇಕು ಎಂದು ಕೆಲವು ದಿನ ತಿನ್ನಿಸಿದ್ದರು. ಅರ್ಧಶಿಶಿಗೆ ಅದು ಹಳೆಯ ಮದ್ದು. ಆ ದಿನಗಳಲ್ಲಿ ನನಗೆ ಗುಣ ಕಂಡಿತ್ತು. ಜಿಲೇಬಿಯ ಮಹಿಮೆ ಇರಲಾರದು. ನಸುಕಿನಲ್ಲೇ ಹೊಟ್ಟೆಗೆ ಏನೋ ಬಿದ್ದದ್ದು ಕೆಲಸ ಮಾಡಿರಬೇಕು ಎಂಬುದು ನನ್ನ ಗುಮಾನಿ.

ಚುಕ್ಕಿಗಳನ್ನು ನೋಡಿ ಆ ವೈದ್ಯೆ ಹೇಳಿದ ಮಾತು ನನ್ನ ಲೆಕ್ಕವನ್ನೇ ತಿರುವಿಹಾಕಿತು. ಮೈಗ್ರೇನ್ ನೋವಿನಿಂದ ಶುರುವಾಗುವುದಿಲ್ಲವಂತೆ. ನೋವಿಗೆ ಕೆಲವು ತಾಸು, ಒಮ್ಮೊಮ್ಮೆ ಒಂದು ದಿನ ಮೊದಲೇ ಅದು ಮಿದುಳಿನಲ್ಲಿ ಕಾಲಿಟ್ಟಿರುತ್ತದೆ: ಆಕಳಿಕೆ, ಕತ್ತು ಬಿಗಿತ, ಸಿಡುಕು, ಸಿಹಿಯ ಆಸೆ, ಮತ್ತು ಬೆಳಕು ಸೇರದಿರುವುದು. ‘ಬಿಸಿಲಿಗೆ ಹೋದೆ, ಚುಚ್ಚಿತು, ನೋವು ಬಂತು’ ಎಂದು ನಾನು ಹೇಳುತ್ತಿದ್ದ ಎಷ್ಟೋ ದಿನ, ಬೇನೆ ಮೊದಲೇ ಬಂದಿತ್ತು. ಅದಕ್ಕೇ ಬಿಸಿಲು ಚುಚ್ಚಿತ್ತು.

ಬೆಳಕಿಗೂ ನೋವಿಗೂ ನಂಟಿಲ್ಲವೆಂದಲ್ಲ. ಬೋಸ್ಟನ್ನಿನ ರಾಮಿ ಬರ್ಸ್ಟೀನ್ ತಂಡ 2010ರಲ್ಲಿ ಮೈಗ್ರೇನ್ ಇರುವ ಇಪ್ಪತ್ತು ಅಂಧರನ್ನು ಪರೀಕ್ಷಿಸಿತು. ಬೆಳಕಿನ ಸುಳಿವೂ ಇಲ್ಲದ ಆರು ಜನರಿಗೆ ಬೆಳಕು ನೋವು ಹೆಚ್ಚಿಸಲಿಲ್ಲ. ರೂಪ ಕಾಣದಿದ್ದರೂ ಬೆಳಕಿನ ಸುಳಿವು ಸಿಗುವ ಹದಿನಾಲ್ಕು ಜನರಿಗೆ ಹೆಚ್ಚಿಸಿತು. ಕಣ್ಣಿನ ಹಿಂಪರದೆಯಲ್ಲಿ ನೋಟಕ್ಕಿಂತ ಹಗಲು-ರಾತ್ರಿ ಅಳೆಯುವುದಕ್ಕೇ ಹೆಚ್ಚಾಗಿ ಇರುವ ಕೆಲವು ಕೋಶಗಳಿವೆ, ನೀಲಿ ಬೆಳಕಿಗೆ ಹೆಚ್ಚು ಮಿಡಿಯುವಂಥವು. ಅವುಗಳ ತಂತು ಹೋಗಿ ಸೇರುವ, ಮಿದುಳಿನೊಳಗಿನ ಥಾಲಮಸ್ ಎಂಬ ಭಾಗದ ಜಾಗಕ್ಕೇ ಮಿದುಳ ಹೊದಿಕೆಯ ನೋವಿನ ಸುದ್ದಿಯೂ ಬರುತ್ತದೆ. ಅದೇ ತಂಡ 2016ರಲ್ಲಿ, ಹಸಿರು ಬೆಳಕು ಎಲ್ಲಕ್ಕಿಂತ ಕಡಿಮೆ ನೋಯಿಸುತ್ತದೆ ಎಂದು ಕಂಡಿತು. ಇದನ್ನು ಓದಿ ಬಜಾರದಿಂದ ಹಸಿರು ಪ್ಲಾಸ್ಟಿಕ್ ಗಾಗಲ್ ತಂದ ಜಾಣೆ ನಾನು. ಪ್ರಯೋಗದ್ದು ಒಂದೇ ಬಣ್ಣಕ್ಕೆ ಸೋಸಿದ ಮಂದ ದೀಪ. ಐವತ್ತು ರೂಪಾಯಿಯ ಗಾಗಲ್ ಮಾಡುವ ಕೆಲಸವಲ್ಲ. ಅದಕ್ಕಿಂತ ಸೆರಗು ವಾಸಿ. ನೆತ್ತಿಯ ಬಿಸಿಲು ಮೇಲಿನಿಂದ ಬೀಳುವಂಥದ್ದು. ಸೆರಗನ್ನು ಹುಬ್ಬಿನಾಚೆ ಎರಡು ಬೆರಳು ಮುಂದೆಳೆದರೆ ಕಣ್ಣಿಗೆ ಚಪ್ಪರ ಹಾಕಿದಂತೆ. ಬಸ್ಸಿನಲ್ಲಿ ಈಗ ಬಿಸಿಲು ಬೀಳದ ಮಗ್ಗುಲು ನೋಡಿ ಕೂರುತ್ತೇನೆ, ಸಾಲುಮರ ಬಂದಾಗ ಕಣ್ಣು ಮುಚ್ಚುತ್ತೇನೆ.

ಈ ಬೇನೆ ನನ್ನೊಬ್ಬಳದಲ್ಲ. ನಿಮ್ಹಾನ್ಸ್ ನಡೆಸಿದ ಒಂದು ಸಮೀಕ್ಷೆಯಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 2,329 ಜನರನ್ನು ಕೇಳಿದಾಗ, ನೂರರಲ್ಲಿ ಸುಮಾರು 25 ಮಂದಿಗೆ ಒಂದು ವರ್ಷದೊಳಗೆ ಮೈಗ್ರೇನ್ ಬಂದಿತ್ತು. ಓಣಿಯಲ್ಲಿ ನನ್ನನ್ನು ನೋಡಿ ನಕ್ಕ ಹೆಂಗಸರಲ್ಲೂ ಇಬ್ಬರು ಆಮೇಲೆ ಮೆಲ್ಲಗೆ ಬಂದು ಕೇಳಿದರು. ಅವರಲ್ಲಿ ಒಬ್ಬಾಕೆಗೆ ಬೆಳಕು ಚುಚ್ಚುತ್ತಿದ್ದುದು ಕಣ್ಣು ಕೆಂಪಾಗಿ, ನೋಟ ಮಂಜಾಗಿ. ಅದು ನನ್ನ ಬೇನೆಯಲ್ಲ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗು ಎಂದು ಕಳಿಸಿದೆ. ಸಿಡಿಲು ಬಡಿದಂತೆ ಒಮ್ಮೆಲೇ ಬರುವ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು ಇವುಗಳಿಗೂ ಚುಕ್ಕಿ ಹಾಕುತ್ತ ಕೂರಬಾರದು.

ಗೋಣಿಚೀಲವನ್ನು ಒಮ್ಮೆಗೇ ತೆಗೆಯಲಿಲ್ಲ. ಮೊದಲ ವಾರ ಬೆಳಕಿಂಡಿಯ ಕಾಲು ಭಾಗ, ಆಮೇಲೆ ಅರ್ಧ. ಪೂರ್ತಿ ತೆಗೆದ ದಿನ ಬೆಳಕಿನ ಕಂಬದಲ್ಲಿ ಧೂಳು ತೇಲುವುದನ್ನು ಬಹಳ ಹೊತ್ತು ನೋಡಿದೆ.

ಈ ಸಲ ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಅತ್ತೆಯೇ ಸಾಬೂದಾಣಿ ಖಿಚಡಿ ಬಟ್ಟಲು ತಂದಿಟ್ಟರು. ‘ಪೂಜಾ ಆಗಿಲ್ಲಲ್ರೀ ಅತ್ತಿ’ ಎಂದೆ.

‘ನೀ ತಿನ್ನವ್ವಾ. ಮಹಾದೇವಗ ನಾ ಹೇಳ್ತೀನಿ.’

ಆ ಶ್ರಾವಣದ ಹಾಳೆಯಲ್ಲಿ ಮೂರು ಚುಕ್ಕಿ. ಅಕ್ಟೋಬರಿನಲ್ಲಿ, ಸೋಯಾಬೀನ್ ರಾಶಿಯ ದಿನ, ಇನ್ನೊಂದು. ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದೆ, ಹೊಟ್ಟೆ ತುಂಬ ಉಂಡಿದ್ದೆ, ಆಕಳಿಕೆಯೂ ಬಂದಿರಲಿಲ್ಲ. ಅದರ ಮುಂದೆ ‘ಬಿಸಿಲು’ ಎಂದೇ ಬರೆದಿದ್ದೇನೆ.