ಬಸುರಿಯ ಕಾಲಿಗಿಳಿಯುವ ನೋವು
ಏಳನೇ ತಿಂಗಳ ಹೊತ್ತಿಗೆ ಕೆಲವು ಬಸುರಿಯರಿಗೆ ಪೃಷ್ಠದಿಂದ ತೊಡೆಯ ಹಿಂಬದಿಗೆ, ಅಲ್ಲಿಂದ ಪಾದದವರೆಗೆ ಛಳಕ್ಕನೆ ನೋವು ಇಳಿಯುತ್ತದೆ. ಅದು ಸಯಾಟಿಕ್ ನರದ ಹಾದಿ. ದೇಹದಲ್ಲೇ ಅತಿ ದಪ್ಪ ನರವದು. ಸೊಂಟದ ಕೀಲುಗಳಲ್ಲೇ ನಿಲ್ಲುವ ನೋವು ಬೇರೆ, ಅದೇ ಹೆಚ್ಚು ಸಾಮಾನ್ಯ.

ಎಡಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬಿಟ್ಟುಕೊಂಡರೆ ಎಷ್ಟೋ ಹಗುರ. ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಎರಡೂ ಕಾಲು ಒಟ್ಟಿಗೆ ಕೆಳಗಿಳಿಸಿ, ಕೈಯೂರಿ ಏಳಬೇಕು. ಹಾಸಿಗೆ ಹಿಡಿಯುವುದಕ್ಕಿಂತ ನಿಧಾನದ ನಡಿಗೆ ಲೇಸು. ನಿಂತು ಅಡುಗೆ ಮಾಡುವವಳಿಗೆ ಒಂದು ಕಾಲಿಡಲು ಗಿಡ್ಡ ಮಣೆ ಒದಗಿಸುವುದು ಮನೆಯವರ ಕೆಲಸ.

ನೋವು ತಡೆಯದೆ ಮನೆಯಲ್ಲಿ ಉಳಿದ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗುವುದು ಖಂಡಿತ ಸಲ್ಲದು. 20 ವಾರಗಳ ನಂತರ ಅದು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಬಲ್ಲದು.

ಕಾಲಿನ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.