ಗಾಜಿನ ಮೇಲೊಂದು ಗಾಜು

ಗುಂಡ್ಲುಪೇಟೆಯ ಕಡೆಯಿಂದ ತೆರಕಣಾಂಬಿಯ ಮಾರ್ಗವಾಗಿ ಚಾಮರಾಜನಗರಕ್ಕೆ ಪ್ರತಿದಿನವೂ ಬಸ್ಸಿನಲ್ಲಿ ಬಂದು ಓದುವ ವಿದ್ಯಾರ್ಥಿಯೊಬ್ಬನು ಕೆಲವು ದಿನಗಳ ಹಿಂದೆ ತನ್ನ ಸ್ಮಾರ್ಟ್‌ಫೋನನ್ನು ನಮ್ಮ ಮೇಜಿನ ಮೇಲೆ ಇರಿಸಿದನು. ಅದರ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಆ ವರ್ಷದ ಚೆಂಡುಹೂವಿನ ಬೆಳೆಯಿಂದ ಬಂದ ಹಣದಲ್ಲಿ ಅವನ ತಂದೆ ರೂ. 28,000 ತೆತ್ತು ಅದನ್ನು ಕೊಡಿಸಿದ್ದರಂತೆ. ವಿದ್ಯಾರ್ಥಿವೇತನದ ಅರ್ಜಿ, ಪಾಠದ ಟಿಪ್ಪಣಿ, ಮನೆಯ ಹಣದ ವ್ಯವಹಾರ ಎಲ್ಲವೂ ಅದರಲ್ಲಿಯೇ. ಅವನು ಕೇಳಿದ ಪ್ರಶ್ನೆ ಇದು:

"ಸಾರ್, ಹೊಸದರಲ್ಲಿ ಇದು ಮಹಡಿಯ ಮೆಟ್ಟಿಲಿನ ಮೇಲಿಂದ ಉರುಳಿಬಿತ್ತು, ಏನೂ ಆಗಲಿಲ್ಲ. ಮೊನ್ನೆ ಬೆಂಚಿನಿಂದ ಬಿದ್ದದ್ದಕ್ಕೇ ಹೀಗಾಯಿತು. ಗಾಜು ಅದೇ ಅಲ್ಲವೆ?"

ಜೊತೆಯಲ್ಲಿದ್ದ ಅವನ ಗೆಳೆಯನು, "ನನ್ನ ಫೋನಿಗೆ 9ಎಚ್ ಟೆಂಪರ್ ಗ್ಲಾಸ್ ಹಾಕಿಸಿದ್ದೇನೆ, ಅದಕ್ಕೆ ಏನೂ ಆಗುವುದಿಲ್ಲ" ಎಂದನು.

ಒಬ್ಬನ ಸಂಶಯ, ಇನ್ನೊಬ್ಬನ ನಂಬಿಕೆ ಇವೆರಡೂ ವಿಚಾರಕ್ಕೆ ಯೋಗ್ಯವಾದವು. ಫೋನನ್ನು ತಯಾರಿಸುವವರು ತಮ್ಮ ಗಾಜು ಬಹು ಗಟ್ಟಿಯೆನ್ನುತ್ತಾರೆ. ಅಂಗಡಿಯವರು ಅದರ ಮೇಲೆ ಇನ್ನೊಂದು ಗಾಜು ಬೇಕೇಬೇಕೆನ್ನುತ್ತಾರೆ. ಇಬ್ಬರಿಗೂ ಮಾರುವ ಸರಕು ಉಂಟು. ಏನನ್ನೂ ಮಾರದ ಭೌತವಿಜ್ಞಾನವನ್ನು ನಾವು ಈ ವಿಷಯದಲ್ಲಿ ಕೇಳಿ ನೋಡೋಣ.

ಕಾಠಿನ್ಯ ಮತ್ತು ಗಟ್ಟಿತನ

ನಿತ್ಯದ ಮಾತಿನಲ್ಲಿ 'ಗಟ್ಟಿ' ಎಂಬ ಒಂದೇ ಪದದಿಂದ ನಾವು ಎರಡು ಗುಣಗಳನ್ನು ಹೇಳುತ್ತೇವೆ. ಗೀರು ಬೀಳದಂತೆ ತಡೆಯುವ ಗುಣ ಒಂದು; ಇದಕ್ಕೆ ಕಾಠಿನ್ಯವೆಂದು ಹೆಸರು. ಒಡೆಯದೆ ತಾಳಿಕೊಳ್ಳುವ ಗುಣ ಇನ್ನೊಂದು. ಇದನ್ನು ದೃಢತೆ ಎನ್ನೋಣ. ಇವೆರಡೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇರಬೇಕೆಂಬ ನಿಯಮವಿಲ್ಲ. ರಬ್ಬರಿನ ಮೇಲೆ ಸುಲಭವಾಗಿ ಗೀರಬಹುದು, ಆದರೆ ಅದು ಬಿದ್ದರೆ ಒಡೆಯುವುದಿಲ್ಲ. ಗಾಜಿನ ಮೇಲೆ ಗೀರುವುದು ಕಷ್ಟ, ಆದರೆ ಅದು ಬಿದ್ದರೆ ಚೂರಾಗುತ್ತದೆ.

ಕಾಠಿನ್ಯವನ್ನು ಹೋಲಿಸಲು ಜರ್ಮನಿಯ ಖನಿಜವಿಜ್ಞಾನಿ ಫ್ರೀಡ್ರಿಕ್ ಮೋಸ್ ಎಂಬಾತನು 1812ರಲ್ಲಿ ಒಂದು ಸರಳವಾದ ಕ್ರಮವನ್ನು ಏರ್ಪಡಿಸಿದನು. ಹತ್ತು ಖನಿಜಗಳನ್ನು ಸಾಲಾಗಿ ಇಡುವುದು. ಪ್ರತಿಯೊಂದೂ ತನ್ನ ಕೆಳಗಿನದನ್ನು ಗೀರಬಲ್ಲುದು. ಬಳಪದ ಕಲ್ಲಿನಲ್ಲಿರುವ ಮೃದುವಾದ ಟಾಲ್ಕಿಗೆ 1, ಕ್ಯಾಲ್ಸೈಟಿಗೆ 3, ಫೆಲ್ಡ್‌ಸ್ಪಾರಿಗೆ 6, ಬೆಣಚುಕಲ್ಲಿಗೆ 7, ಮಾಣಿಕ್ಯ ಮತ್ತು ನೀಲಗಳ ಜಾತಿಯ ಕುರುವಿಂದಕ್ಕೆ 9, ವಜ್ರಕ್ಕೆ 10. ಈ ಸಾಲಿನಲ್ಲಿ ನಮ್ಮ ಉಗುರಿನ ಸ್ಥಾನ ಸುಮಾರು 2.5, ಹಿತ್ತಾಳೆಯದು ಸುಮಾರು 3, ಕಿಟಕಿಯ ಗಾಜಿನದು ಸುಮಾರು 5.5. ಫೋನಿನ ಗಾಜು ಇದಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ: 6ನೆಯ ದರ್ಜೆಯ ಖನಿಜದಿಂದ ಅದರ ಮೇಲೆ ಸಣ್ಣ ಗೀರುಗಳು ಕಾಣಲಾರಂಭಿಸುತ್ತವೆ, 7ನೆಯದರಿಂದ ಆಳವಾಗಿ ಬೀಳುತ್ತವೆ.

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಒಡೆಯದ ಒಂದು ಖಾಲಿ ಗಾಜಿನ ಸೀಸೆಯನ್ನು ತೆಗೆದುಕೊಳ್ಳಿರಿ. ಹಿತ್ತಾಳೆಯ ಬೀಗದ ಕೈಯಿಂದ ಅದರ ಮೇಲೆ ಗೀರಿರಿ. ಒಂದು ಗೆರೆ ಮೂಡಿದರೂ ಅದು ಲೋಹವು ಸವೆದು ಅಂಟಿದ ಗೆರೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಈಗ ಹೊಲದ ಬದುವಿನಿಂದ ಬಿಳಿಯ ಬೆಣಚುಕಲ್ಲಿನ ಚೂರೊಂದನ್ನು ಆರಿಸಿ ತಂದು ಗೀರಿರಿ. ಈ ಗೆರೆ ಒರೆಸಿದರೆ ಹೋಗದು. ಉಗುರಿಗೆ ತಗ್ಗಾಗಿ ತಗಲುತ್ತದೆ. ಜೇಬಿನಲ್ಲಿ ಫೋನಿಗೆ ಶತ್ರು ಬೀಗದ ಕೈಯೆಂದು ನಾವು ತಿಳಿದಿರುತ್ತೇವೆ. ನಿಜವಾದ ಶತ್ರು ಜೇಬಿನ ಮೂಲೆಯಲ್ಲಿ ಅಡಗಿರುವ ಮರಳಿನ ಕಣ.

ನಮ್ಮ ನೆಲದ ಧೂಳು

ಈ ಕಣಗಳು ನಮ್ಮ ಜಿಲ್ಲೆಯಲ್ಲಿ ಎಲ್ಲಿಂದ ಬರುತ್ತವೆ? ಚಾಮರಾಜನಗರದ ಕರಿಕಲ್ಲು ದೂರದೇಶಗಳಲ್ಲಿಯೂ ಹೆಸರಾದುದು. ವ್ಯಾಪಾರದಲ್ಲಿ ಅದನ್ನು ಕಪ್ಪು ಗ್ರಾನೈಟ್ ಎಂದು ಕರೆದರೂ ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎಂಬ ಜಾತಿಗೆ ಸೇರಿಸುತ್ತಾರೆ. ಅದರಲ್ಲಿ ಮುಖ್ಯವಾಗಿರುವವು ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸೀನ್. ಇವುಗಳ ಕಾಠಿನ್ಯ 5.5ರಿಂದ 6.5ರ ವರೆಗೆ. ಬೆಣಚು ಅದರಲ್ಲಿ ಬಹಳ ಕಡಮೆ. ಆದರೆ ಈ ಕರಿಕಲ್ಲು ಯಾವ ಬಂಡೆಗಳನ್ನು ಸೀಳಿಕೊಂಡು ಗೋಡೆಯಂತೆ ಮೇಲೆದ್ದಿದೆಯೋ ಆ ನೈಸ್ ಬಂಡೆಗಳಲ್ಲಿ ಬೆಣಚು ಧಾರಾಳವಾಗಿದೆ. ಬಂಡೆಯು ಬಿಸಿಲು ಮಳೆಗಳಿಗೆ ಶಿಥಿಲವಾಗುವಾಗ ಫೆಲ್ಡ್‌ಸ್ಪಾರ್ ಕ್ರಮೇಣ ಜೇಡಿಮಣ್ಣಾಗುತ್ತದೆ. ಬೆಣಚು ಮಾತ್ರ ಕರಗದೆ ಮರಳಾಗಿ ಉಳಿಯುತ್ತದೆ. ಸುವರ್ಣಾವತಿಯ ಮರಳಿನಲ್ಲಿ ಹೊಳೆಯುವುದೂ, ಬೇಸಗೆಯಲ್ಲಿ ಬಸ್ಸಿನ ಹಿಂದೆ ಏಳುವ ಧೂಳಿನಲ್ಲಿರುವುದೂ ಇದೇ ಬೆಣಚು. ಅದರ ಕಾಠಿನ್ಯ 7 ಎಂಬುದನ್ನು ಮರೆಯಬಾರದು. ಫೋನಿನ ಮೇಲೆ ಧೂಳು ಕುಳಿತಿದೆಯೆಂದು ಅಂಗಿಯ ತುದಿಯಿಂದ ಒತ್ತಿ ಒರೆಸುವವನು ತನ್ನ ಕೈಯಿಂದಲೇ ಗಾಜಿಗೆ ಮರಳುಕಾಗದವನ್ನು ತಿಕ್ಕಿದಂತಾಗುತ್ತದೆ.

ಗೀರಿಗೂ ಬಿರುಕಿಗೂ ಏನು ಸಂಬಂಧ?

ಸಣ್ಣ ಗೀರುಗಳಿಂದ ಅಂದ ಕೆಡಬಹುದು, ಅದಕ್ಕೇಕೆ ಇಷ್ಟು ಚಿಂತೆ ಎಂದು ವಾಚಕರು ಕೇಳಬಹುದು. ಉತ್ತರವನ್ನು ನಮ್ಮ ಕಲ್ಲುಕುಟಿಗರು ಎಂದೋ ಬಲ್ಲರು. ಆಳೆತ್ತರದ ಬಂಡೆಯನ್ನು ಸೀಳಬೇಕಾದಾಗ ಅವರು ಎಲ್ಲೆಂದರಲ್ಲಿ ಹೊಡೆಯುವುದಿಲ್ಲ. ಒಂದು ಗೆರೆಯ ಮೇಲೆ ಸಾಲಾಗಿ ಚಿಕ್ಕ ಕುಳಿಗಳನ್ನು ಕೊರೆದು, ಅವುಗಳಲ್ಲಿ ಕಬ್ಬಿಣದ ಬೆಣೆಗಳನ್ನಿಟ್ಟು, ಒಂದೊಂದಾಗಿ ಸುತ್ತಿಗೆಯಿಂದ ಬಡಿಯುತ್ತಾರೆ. ಬೆಣೆಯು ಕುಳಿಯ ಗೋಡೆಗಳನ್ನು ಅಗಲಿಸುತ್ತದೆ; ಎಳೆತವು ಕುಳಿಗಳ ಅಂಚಿನಲ್ಲಿ ಒಟ್ಟುಗೂಡುತ್ತದೆ; ಕಲ್ಲು ಆ ಗೆರೆಯಲ್ಲಿಯೇ ಬಿಡುತ್ತದೆ. ಬಂಡೆಯ ಗಾತ್ರದ ಮುಂದೆ ಕುಳಿಗಳು ಏನೂ ಅಲ್ಲ. ಆದರೂ ಬಂಡೆ ಎಲ್ಲಿ ಒಡೆಯಬೇಕೆಂಬುದನ್ನು ಅವೇ ನಿರ್ಧರಿಸುತ್ತವೆ.

ಗಾಜಿನ ವಿಷಯದಲ್ಲಿ ಇದೇ ತತ್ತ್ವವನ್ನು ಗಣಿತದ ರೂಪದಲ್ಲಿ ಹೇಳಿದವನು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್. ಗಾಜಿನ ಪರಮಾಣುಗಳ ಬಂಧನವನ್ನು ಲೆಕ್ಕ ಹಾಕಿದರೆ ಅದಕ್ಕೆ ಅಪಾರವಾದ ಬಲವಿರಬೇಕು. ವಾಸ್ತವದಲ್ಲಿ ಅದರ ಅಲ್ಪಾಂಶ ಮಾತ್ರ ಕಂಡುಬರುತ್ತದೆ. ಇದಕ್ಕೆ ಗಾಜಿನಲ್ಲಿರುವ ಅತಿ ಸೂಕ್ಷ್ಮವಾದ ಬಿರುಕುಗಳೇ ಕಾರಣವೆಂದು ಅವನು 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿಕೊಟ್ಟನು. ಅವನ ಸೂತ್ರದ ಪ್ರಕಾರ ಗಾಜನ್ನು ಒಡೆಯಲು ಬೇಕಾದ ಎಳೆತವು ಬಿರುಕಿನ ಆಳದ ವರ್ಗಮೂಲಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಬಿರುಕು ನಾಲ್ಕು ಪಟ್ಟು ಆಳವಾದರೆ ಗಾಜಿನ ಬಲ ಅರ್ಧಕ್ಕೆ ಇಳಿಯುತ್ತದೆ. ನೂರು ಪಟ್ಟು ಆಳವಾದರೆ ಹತ್ತನೆಯ ಒಂದು ಪಾಲು ಉಳಿಯುತ್ತದೆ.

ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರದ ಎಳೆ ಇಲ್ಲಿ ಸಿಕ್ಕಿತು. ಹೆಸರಿಗೆ ಗಾಜು ಅದೇ. ಆದರೆ ಹೊಸದರಲ್ಲಿ ಇದ್ದ ಗಾಜು ಅದಲ್ಲ. ಒಂದು ವರ್ಷದ ಧೂಳು ಅದರ ಮೈಮೇಲೆ ತನ್ನ ಕುಳಿಗಳನ್ನು ಕೊರೆದಿತ್ತು. ನಾವು ಭೂತಗನ್ನಡಿಯಲ್ಲಿ ನೋಡಿದಾಗ ಗೀರುಗಳ ಜಾಲವೇ ಕಾಣಿಸಿತು. ಬೆಂಚಿನಿಂದ ಬಿದ್ದಾಗ ಗಾಜು ಬಾಗಿತು; ಯಾವುದೋ ಒಂದು ಗೀರು ಬಾಯ್ದೆರೆದಿರಬೇಕು. ಬಿದ್ದ ರೀತಿ, ತಾಗಿದ ಮೂಲೆ ಇವುಗಳ ಪಾತ್ರವೂ ಇದರಲ್ಲಿ ಉಂಟು.

ಫೋನಿನ ಗಾಜಿನ ಬಲದ ಗುಟ್ಟು

ಹಾಗಾದರೆ ಫೋನಿನ ಗಾಜು ಕಿಟಕಿಯ ಗಾಜಿಗಿಂತ ಹೇಗೆ ಬಲಿಷ್ಠ? ಗಾಜು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು. ಅದರ ಮೇಲ್ಮೈಯನ್ನು ಮೊದಲೇ ಒತ್ತಿ ಇಟ್ಟರೆ ಸಣ್ಣ ಬಿರುಕುಗಳ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಇದಕ್ಕಾಗಿ ಸೋಡಿಯಂ ಅಯಾನುಗಳುಳ್ಳ ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಮುಳುಗಿಸಿಡುತ್ತಾರೆ. ಸೋಡಿಯಂ ಅಯಾನುಗಳು ಹೊರಗೆ ಹೋಗಿ ಅವುಗಳ ಜಾಗಕ್ಕೆ ಪೊಟ್ಯಾಸಿಯಂ ಅಯಾನುಗಳು ಬರುತ್ತವೆ. ಸೋಡಿಯಂ ಅಯಾನಿನ ತ್ರಿಜ್ಯ 1.02 ಆಂಗ್‌ಸ್ಟ್ರಾಮ್, ಪೊಟ್ಯಾಸಿಯಮಿನದು 1.38. ಇಬ್ಬರು ಕೂಡುವ ಬಸ್ಸಿನ ಸೀಟಿನಲ್ಲಿ ಮೂವರು ಕುಳಿತರೆ ಹೇಗೆ ಒತ್ತಿಕೊಳ್ಳುವರೋ ಹಾಗೆ ಮೇಲ್ಪದರವು ಬಿಗಿದುಕೊಳ್ಳುತ್ತದೆ. ಕಾರ್ನಿಂಗ್ ಎಂಬ ಅಮೆರಿಕದ ಸಂಸ್ಥೆಯು 1960ರ ದಶಕದಲ್ಲಿಯೇ ಇಂತಹ ಗಾಜನ್ನು ತಯಾರಿಸಿತ್ತು. ಅದು ಮನೆಮನೆಗೆ ಬಂದದ್ದು 2007ರಿಂದೀಚೆಗೆ, ಸ್ಮಾರ್ಟ್‌ಫೋನುಗಳ ಮೂಲಕ.

ಈ ಬಿಗಿದ ಪದರದ ಒತ್ತಡ ವಾಯುಮಂಡಲದ ಒತ್ತಡದ ಹಲವು ಸಾವಿರ ಪಟ್ಟು. ಆದರೆ ಅದರ ದಪ್ಪ ಮಿಲಿಮೀಟರಿನ ನೂರನೆಯ ಕೆಲವೇ ಪಾಲುಗಳು. ತಲೆಗೂದಲಿಗಿಂತ ಹೆಚ್ಚೇನೂ ಅಲ್ಲ. ಮೇಲಿನ ಈ ಒತ್ತಡಕ್ಕೆ ಸರಿದೂಗುವಂತೆ ಒಳಭಾಗವು ಎಳೆತದಲ್ಲಿರುತ್ತದೆ. ಗೀರು ಪದರದೊಳಗೇ ನಿಂತರೆ ಅಪಾಯ ಕಡಮೆ. ಅದನ್ನು ದಾಟಿ ಒಳಗಿಳಿದರೆ ಎಳೆತವು ಅದನ್ನು ಹಿಡಿದು ಸೀಳುತ್ತದೆ. ಆದುದರಿಂದ ಫೋನಿನ ಗಾಜಿನ ಬಲವೆಲ್ಲವೂ ಅದರ ಚರ್ಮದಲ್ಲಿದೆ. ಆ ಚರ್ಮವನ್ನು ಕಾಪಾಡುವುದೇ ಹೊದಿಕೆಯ ಮುಖ್ಯ ಕೆಲಸ.

ಹೊದಿಕೆಯು ಏನು ಮಾಡುತ್ತದೆ, ಏನು ಮಾಡಲಾರದು?

ಅಂಗಡಿಗಳಲ್ಲಿ ಸಿಗುವ ಹೊದಿಕೆಗಳಲ್ಲಿ ಎರಡು ಬಗೆ: ಪ್ಲಾಸ್ಟಿಕ್ಕಿನ ತೆಳುಹಾಳೆ ಒಂದು, ಸುಮಾರು 0.3 ಮಿಲಿಮೀಟರ್ ದಪ್ಪದ ಗಾಜು ಇನ್ನೊಂದು. ಪ್ಲಾಸ್ಟಿಕ್ಕು ಮೃದು, ಅದರ ಮೇಲೆ ಬೇಗ ಗೆರೆಗಳು ಬೀಳುತ್ತವೆ. ಆದರೆ ಮರಳಿನ ಕಣ ಅದರಲ್ಲಿ ಹೂತುಕೊಂಡು ಅಲ್ಲಿಯೇ ನಿಲ್ಲುತ್ತದೆ. ಗಾಜಿನ ಹೊದಿಕೆ ನುಣುಪಾಗಿ ಹೆಚ್ಚು ದಿನ ಇರುತ್ತದೆ. ಎರಡೂ ಗೀರುಗಳನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತವೆ. ಗಾಜಿನ ಹೊದಿಕೆಗೆ ಇನ್ನೊಂದು ಗುಣವೂ ಉಂಟು. ಚೂಪಾದ ಕಲ್ಲೊಂದು ತಗಲಿದಾಗ ಬಿರುಕು ಮೇಲಿನ ಗಾಜಿನಲ್ಲಿ ಹುಟ್ಟುತ್ತದೆ. ನಡುವೆ ಇರುವ ಮೆತ್ತನೆಯ ಅಂಟನ್ನು ಸುಲಭವಾಗಿ ದಾಟಲಾರದು.

ಇದರ ಮಿತಿಯನ್ನೂ ತಿಳಿಯಬೇಕು. 200 ಗ್ರಾಮ್ ತೂಕದ ಫೋನು ಒಂದು ಮೀಟರ್ ಎತ್ತರದಿಂದ ಬಿದ್ದರೆ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿ, ಸುಮಾರು 2 ಜೂಲ್ ಶಕ್ತಿಯೊಡನೆ ನೆಲವನ್ನು ಮುಟ್ಟುತ್ತದೆ. ತೆಳುವಾದ ಗಾಜು ಈ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಹೀರಿಕೊಳ್ಳಲಾರದು. ಫೋನು ಅಂಚಿನ ಮೇಲೆ ಬಿದ್ದರಂತೂ ಹೊದಿಕೆ ನಿಷ್ಪ್ರಯೋಜಕ. ಅಲ್ಲಿ ಉಪಕಾರಕ್ಕೆ ಬರುವುದು ಗಾಜಿಗಿಂತ ಸ್ವಲ್ಪ ಮೇಲೆದ್ದ ಅಂಚುಳ್ಳ ರಬ್ಬರಿನಂತಹ ಕವಚ.

"ಗ್ಲಾಸು ಒಡೆಯಿತು, ಫೋನು ಉಳಿಯಿತು, ಹೊದಿಕೆ ಕಾಪಾಡಿತು" ಎಂದು ಹಲವರು ಹೇಳುವುದುಂಟು. ಇದು ಕೆಲವು ವೇಳೆ ನಿಜ, ಆದರೆ ಯಾವಾಗಲೂ ನಿಜವಲ್ಲ. ಹೊದಿಕೆ ಅತಿ ತೆಳು. ಅದರ ಅಂಚು ಬಯಲಾಗಿರುತ್ತದೆ. ಫೋನಿನ ಗಾಜಿಗೆ ಏನೂ ಮಾಡದ ಪೆಟ್ಟಿಗೂ ಅದು ಒಡೆಯಬಹುದು. ಹೊದಿಕೆ ಇಲ್ಲದಿದ್ದರೆ ಅದೇ ಬೀಳಿನಲ್ಲಿ ಏನಾಗುತ್ತಿತ್ತೆಂಬುದನ್ನು ನೋಡದೆ ತೀರ್ಮಾನ ಹೇಳುವುದು ವಿಜ್ಞಾನದ ಕ್ರಮವಲ್ಲ.

ಇನ್ನು 9ಎಚ್ ಎಂಬ ಮಾತು. ಇದನ್ನು ಮೋಸ್ ಸಾಲಿನ 9, ಎಂದರೆ ಮಾಣಿಕ್ಯದ ಕಾಠಿನ್ಯ, ಎಂದು ಗೆಳೆಯನು ತಿಳಿದಿದ್ದನು. ವಾಸ್ತವದಲ್ಲಿ ಇದು ಪೆನ್ಸಿಲಿನ ಗುರುತು. ಬಣ್ಣ, ವಾರ್ನಿಷುಗಳ ಲೇಪವನ್ನು ಪರೀಕ್ಷಿಸಲು ಬೇರೆ ಬೇರೆ ಕಾಠಿನ್ಯದ ಪೆನ್ಸಿಲುಗಳಿಂದ ಗೀರಿ ನೋಡುವ ಪದ್ಧತಿಯುಂಟು. ಅದರಲ್ಲಿ ಕೊನೆಯದು 9ಎಚ್. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣವಷ್ಟೆ. ಅದು ಕಿಟಕಿಯ ಗಾಜನ್ನೂ ಗೀರಲಾರದು. ಹೀಗಾಗಿ ಮನೆಯ ಕಿಟಕಿಯೂ ಈ ಪರೀಕ್ಷೆಯಲ್ಲಿ 9ಎಚ್ ಆಗಿ ತೇರ್ಗಡೆಯಾಗುತ್ತದೆ! ಆ ಗುರುತನ್ನು ನಂಬಿ ಹೆಚ್ಚು ಬೆಲೆ ತೆರಬೇಕಾಗಿಲ್ಲ.

ಸ್ಪರ್ಶಕ್ಕೂ ನೋಟಕ್ಕೂ ಇದರಿಂದ ಅಡ್ಡಿಯಾಗದೆ? ಬೆರಳಿನ ಸಾಮೀಪ್ಯವನ್ನು ಫೋನು ತಿಳಿಯುವುದು ಗಾಜಿನ ಮೂಲಕ ಹಾಯುವ ವಿದ್ಯುತ್‌ಕ್ಷೇತ್ರದಿಂದ. ತೆಳುವಾದ ಹೊದಿಕೆ ಅದನ್ನು ತಡೆಯುವುದಿಲ್ಲ. ಆದರೆ ಪರದೆಯ ಅಡಿಯಲ್ಲಿ ಬೆರಳಚ್ಚನ್ನು ಓದುವ ಕೆಲವು ಫೋನುಗಳಿಗೆ ಅವಕ್ಕೆಂದೇ ಮಾಡಿದ ಹೊದಿಕೆ ಬೇಕಾಗುತ್ತದೆ. ಗಾಜು ಮತ್ತು ಗಾಳಿ ಸೇರುವ ಪ್ರತಿಯೊಂದು ಮೇಲ್ಮೈಯೂ ಸುಮಾರು ನೂರಕ್ಕೆ 4 ಪಾಲು ಬೆಳಕನ್ನು ಪ್ರತಿಫಲಿಸುತ್ತದೆ. ಅಂಟಿನ ವಕ್ರೀಭವನಾಂಕ ಗಾಜಿನ ವಕ್ರೀಭವನಾಂಕಕ್ಕೆ ಸಮೀಪವಾಗಿರುವುದರಿಂದ, ಹೊದಿಕೆ ಪೂರ್ತಿಯಾಗಿ ಅಂಟಿದ್ದರೆ ಹೊಸ ಪ್ರತಿಫಲನ ಹುಟ್ಟುವುದಿಲ್ಲ. ಗಾಳಿಯ ಗುಳ್ಳೆ ನಿಂತಲ್ಲಿ ಮಾತ್ರ ಬೆಳ್ಳಗೆ ಕಾಣುತ್ತದೆ.

ತೀರ್ಮಾನ

ಧೂಳಿಲ್ಲದ ಕೋಣೆಯಲ್ಲಿ ಕುಳಿತು ಕೆಲಸ ಮಾಡುವವನಿಗೆ ಹೊದಿಕೆ ಅಷ್ಟೇನೂ ಅಗತ್ಯವಲ್ಲ. ಹೊಲ, ಕಲ್ಲುಗಣಿ, ಬಸ್ಸು, ಮಣ್ಣಿನ ದಾರಿ ಇವುಗಳ ನಡುವೆ ಬಾಳುವ ನಮ್ಮಂಥವರಿಗೆ ನೂರಿನ್ನೂರು ರೂಪಾಯಿಯ ಹೊದಿಕೆ ಸಾರ್ಥಕವಾದ ಖರ್ಚು. ಅದನ್ನು ಫೋನು ಕೊಂಡ ದಿನವೇ ಹಾಕಿಸಬೇಕು. ಆಗಲೇ ಬಿದ್ದ ಗೀರುಗಳನ್ನು ಹೊದಿಕೆ ಮುಚ್ಚೀತೇ ಹೊರತು ಅಳಿಸಲಾರದು. ಹಾಕುವ ಮುನ್ನ ಮರಳಿನ ಕಣವೊಂದೂ ಉಳಿಯದಂತೆ ಗಾಜನ್ನು ಶುಚಿಮಾಡಬೇಕು. ಒರೆಸುವಾಗ ಮೊದಲು ಊದಿ, ಅನಂತರ ಮೆತ್ತನೆಯ ಬಟ್ಟೆಯಿಂದ ಒತ್ತಡವಿಲ್ಲದೆ ಒರೆಸಬೇಕು. ಹೊದಿಕೆ ಸೀಳಿದಾಗ ಬದಲಾಯಿಸಬೇಕು. ಮೇಲೆದ್ದ ಅಂಚಿನ ಕವಚವನ್ನು ಮರೆಯಬಾರದು.

ನಮ್ಮ ವಿದ್ಯಾರ್ಥಿಯು ಮುಂದಿನ ವಾರ ಹೊಸ ಗಾಜು ಹಾಕಿಸಿಕೊಂಡು ಬಂದನು. ಅದಕ್ಕೆ ತಗುಲಿದ ಖರ್ಚು ರೂ. 7,000, ಹಣವನ್ನು ತಂದೆ ಬೀಜ ಗೊಬ್ಬರಕ್ಕೆಂದು ಇಟ್ಟಿದ್ದರಲ್ಲಿ ತೆಗೆದುಕೊಟ್ಟರೆಂದು ತಲೆ ತಗ್ಗಿಸಿ ಹೇಳಿದನು. ಹೊಸ ಗಾಜಿನ ಮೇಲೆ ಹೊದಿಕೆಯಿತ್ತು. ಅದು 9ಎಚ್ ಹೌದೋ ಅಲ್ಲವೋ ಎಂದು ಅವನು ಕೇಳಲಿಲ್ಲ. ಅವನ ಗೆಳೆಯನು ಮಾತ್ರ ನಮ್ಮ ಪ್ರಯೋಗಶಾಲೆಯಿಂದ ಒಂದು ಬೆಣಚುಕಲ್ಲಿನ ಚೂರನ್ನು ಕೇಳಿ ಪಡೆದು, ತನ್ನ ಹಳೆಯ ಹೊದಿಕೆಯ ಮೂಲೆಯಲ್ಲಿ ಗೀರಿ ನೋಡಿದನು. ಗೆರೆ ಬಿತ್ತು. ಅವನು ಬಹಳ ಹೊತ್ತು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದನು.